ಗ್ರಂಥಾಲಯದ ಭಿತ್ತಿಯೂ ಊರಿನ ಶಿಲ್ಪವೂ: ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳಲ್ಲಿ ಕಲಾಕೃತಿಯ ಆಯ್ಕೆ ಮತ್ತು ಪ್ರದರ್ಶನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಕಲ್ಯಾಣದ ಚಾಲುಕ್ಯರ ಕಾಲದ ವಾಸ್ತುಶಿಲ್ಪಕ್ಕೆ ಹೆಸರಾದ ಪ್ರದೇಶ. ಬಾಗಳಿ, ಕುರುವತ್ತಿ, ನೀಲಗುಂದ, ಹಿರೇಹಡಗಲಿ, ಮಾಗಳ ಮುಂತಾದ ಊರುಗಳ ದೇವಾಲಯಗಳನ್ನು ಕುರಿತು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಅಧ್ಯಯನ ನಡೆದಿದೆ. ಇದೇ ಪ್ರದೇಶದ ಸಾರ್ವಜನಿಕ ಗ್ರಂಥಾಲಯಗಳ ವಿಷಯವಾದರೋ ಆಡಳಿತ ವರದಿಗಳ ಪಾಲಿಗೆ ಉಳಿದಿದೆ. ಕಲಾ ಇತಿಹಾಸದ ಅಭ್ಯಾಸಿಗಳು ಅತ್ತ ಗಮನ ಹರಿಸಿದ್ದು ಕಡಿಮೆ. ಈ ಎರಡನ್ನೂ ಒಂದೆಡೆ ಇರಿಸಿ ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ. ಜನರು ಓದುವುದಕ್ಕೆಂದು, ಕೇಳುವುದಕ್ಕೆಂದು ಸೇರುವ ಸ್ಥಳದಲ್ಲಿ ಯಾವ ಶಿಲ್ಪ, ಯಾವ ಚಿತ್ರ ಇರಬೇಕೆಂಬುದನ್ನು ಯಾರು ನಿರ್ಧರಿಸುತ್ತ ಬಂದರು? ಆ ನಿರ್ಧಾರ ಎಲ್ಲಿ ದಾಖಲಾಯಿತು? ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಲು ಯತ್ನಿಸಲಾಗಿದೆ.

ಪ್ರಾಚೀನ ಕರ್ನಾಟಕದಲ್ಲಿ ಗ್ರಂಥಭಂಡಾರವು ದೇವಾಲಯ, ಬಸದಿ, ಮಠ ಹಾಗೂ ಘಟಿಕಾಸ್ಥಾನಗಳ ಅಂಗವಾಗಿತ್ತೆಂಬುದು ಸುವಿದಿತ. ಕಲಬುರಗಿ ಜಿಲ್ಲೆಯ ನಾಗಾವಿಯ ಕ್ರಿ.ಶ. 1058ರ ಶಾಸನವು ಅಲ್ಲಿನ ಘಟಿಕಾಸ್ಥಾನದ ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಹೇಳುವುದರೊಡನೆ ಆರು ಮಂದಿ ಸರಸ್ವತೀ ಭಂಡಾರಿಕರಿಗೆ ಬಿಟ್ಟ ಭೂಮಿಯನ್ನೂ ಹೇಳುತ್ತದೆ. ನಮ್ಮ ಐದು ತಾಲ್ಲೂಕುಗಳಲ್ಲಿ ಅಷ್ಟು ದೊಡ್ಡ ಘಟಿಕಾಸ್ಥಾನದ ಉಲ್ಲೇಖ ಬೇಡಿದರೂ ದೊರೆಯಲಾರದು. ಆದರೆ ಓದು, ವ್ಯಾಖ್ಯಾನ, ಪುರಾಣಶ್ರವಣಗಳು ನಡೆಯಬಲ್ಲ ವಿಶಾಲ ಮಂಟಪ, ಅದರ ಸುತ್ತ ಶಿಲ್ಪ, ಅದೇ ಆವರಣದಲ್ಲಿ ಶಾಸನ ಎಂಬ ವಿನ್ಯಾಸ ಇಲ್ಲಿ ಹಲವೆಡೆ ಕಾಣುತ್ತದೆ. ಅದರ ಉತ್ತಮ ನಿದರ್ಶನ ಹರಪನಹಳ್ಳಿ ತಾಲ್ಲೂಕಿನ ಬಾಗಳಿ.

ಶಾಸನಗಳಲ್ಲಿ ಬಾಳ್ಗುಳಿ ಎಂದು ಕರೆಸಿಕೊಳ್ಳುವ ಈ ಊರು ಮಹಾಜನರಿದ್ದ ಅಗ್ರಹಾರವಾಗಿತ್ತು. ಇಲ್ಲಿನ ಕಲ್ಲೇಶ್ವರ, ಎಂದರೆ ಶಾಸನೋಕ್ತ ಕಲಿದೇವನ ಆಲಯದ ನಿರ್ಮಾಣವನ್ನು ಇಮ್ಮಡಿ ತೈಲಪನ ಆಳ್ವಿಕೆಯ ಕ್ರಿ.ಶ. 987ರ ಶಾಸನವು ದುಗ್ಗಿಮಯ್ಯನೆಂಬವನಿಗೆ ಸಲ್ಲಿಸುತ್ತದೆ. ಊರಿನಲ್ಲಿ ದೊರೆತಿರುವ ಶಾಸನಗಳ ಸಂಖ್ಯೆ ಮೂವತ್ತಾರು ಎಂಬುದು ಹಳೆಯ ಗೆಜೆಟಿಯರಿನ ಲೆಕ್ಕ. ಒಂದು ಊರಿನ ಒಂದು ಆವರಣಕ್ಕೆ ಇದು ಸಣ್ಣ ಸಂಖ್ಯೆಯಲ್ಲ. ದತ್ತಿಯ ಭೂಮಿ ಎಷ್ಟು, ಅದರ ಎಲ್ಲೆ ಯಾವುದು, ಯಾರ ಕಾಲು ತೊಳೆದು ಧಾರೆಯೆರೆಯಲಾಯಿತು, ಯಾರ ಸಮಕ್ಷಮದಲ್ಲಿ, ಯಾವ ಸಂವತ್ಸರದ ಯಾವ ತಿಥಿಯಲ್ಲಿ ಎಂಬ ವಿವರಗಳನ್ನು ಚಾಲುಕ್ಯ ಕಾಲದ ದತ್ತಿಶಾಸನಗಳು ಚಾಚೂ ತಪ್ಪದೆ ಕೊಡುತ್ತವೆ. ಮೂರ್ತಿಯೊಂದನ್ನು ಪ್ರತಿಷ್ಠಾಪಿಸುವುದೆಂದರೆ ಅದರ ಮುಂದಿನ ನಿರ್ವಹಣೆಗೆ, ಸೊಡರಿನ ಎಣ್ಣೆಗೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ವ್ಯವಸ್ಥೆ ಮಾಡಿ ಅದನ್ನು ಬರೆಸಿಡುವುದು ಎಂಬ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ.

ವೀರಗಲ್ಲುಗಳಲ್ಲಿ ಈ ತಿಳಿವಳಿಕೆ ಇನ್ನೂ ಸಾಂದ್ರವಾಗಿ ಕಾಣುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ದೃಶ್ಯ, ಮೇಲೆ ಶಿವಸಾನ್ನಿಧ್ಯ. ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಅಕ್ಷರ. ಚಿತ್ರವೂ ಪಠ್ಯವೂ ಒಂದೇ ಕಲ್ಲಿನಲ್ಲಿವೆ. ಆರ್. ಶೇಷಶಾಸ್ತ್ರಿಯವರು 1982ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕರ್ನಾಟಕದ ವೀರಗಲ್ಲುಗಳನ್ನು ವ್ಯವಸ್ಥಿತವಾಗಿ ಪರಿಶೀಲಿಸಿದ ಮೇಲೆ ಇವುಗಳ ಚಾರಿತ್ರಿಕ ಮಹತ್ವದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದುದು ಇಷ್ಟು: ಅರಸನ ಅಥವಾ ಅಗ್ರಹಾರದ ಆಶ್ರಯವಿಲ್ಲದೆ, ಸತ್ತವನ ಮನೆಯವರೂ ಊರವರೂ ತಾವೇ ಆರಿಸಿ, ಎಲ್ಲರಿಗೂ ಕಾಣುವ ಎಡೆಯಲ್ಲಿ ನಿಲ್ಲಿಸಿದ ಕಲೆ ಇದು. ತುರುಗೋಳಿನಲ್ಲಿ ಮಡಿದ ಸಾಮಾನ್ಯನೂ ಇಲ್ಲಿ ರೂಪ ಪಡೆದಿದ್ದಾನೆ. ಇದಕ್ಕೂ ಹಿಂದಿನ ಕಾಲಕ್ಕೆ ಹೋದರೆ ಕೂಡ್ಲಿಗಿ ತಾಲ್ಲೂಕಿನ ಕುಮತಿಯಲ್ಲಿ ಬೃಹತ್ ಶಿಲಾಯುಗದ ಸಂಸ್ಕೃತಿಗೆ ಸೇರಿದ ಮಾನವಾಕೃತಿಯ ಶಿಲೆಗಳು ನಿಂತಿವೆ. ಅಕ್ಷರ ಹುಟ್ಟುವ ಮೊದಲೇ ಸಮುದಾಯವೊಂದು ಬಯಲಿನಲ್ಲಿ ನಿಲ್ಲಿಸಿದ ಆಕೃತಿಗಳಿವು.

ಹಾಗೆಂದು ಅಗ್ರಹಾರದ ವ್ಯವಸ್ಥೆಯನ್ನು ಇಂದಿನ ಗ್ರಂಥಾಲಯಕ್ಕೆ ಮಾದರಿಯೆಂದು ಮುಂದಿಡುವುದು ಚರಿತ್ರೆಗೆ ಮಾಡುವ ಅಪಚಾರವಾದೀತು. ಸರಸ್ವತೀ ಭಂಡಾರ ಎಲ್ಲರ ಸ್ವತ್ತಾಗಿರಲಿಲ್ಲ. ಮಂಟಪದೊಳಗೆ ಕಾಲಿಡಲಾರದವರ ಸಂಖ್ಯೆಯೇ ಊರಿನಲ್ಲಿ ಹೆಚ್ಚಾಗಿದ್ದಿರಬೇಕು. ಇಂದಿನ ಗ್ರಂಥಾಲಯ ನಡೆಯುವುದು ಎಲ್ಲರ ತೆರಿಗೆಯಿಂದ. ಆದ್ದರಿಂದ ಪ್ರಾಚೀನರಿಂದ ಸ್ವೀಕರಿಸಬಹುದಾದುದು ಆಯ್ಕೆಯನ್ನು ಹೆಸರು, ದಿನಾಂಕ, ಸಾಕ್ಷಿಗಳೊಡನೆ ದಾಖಲಿಸುವ ಪದ್ಧತಿಯನ್ನು ಮಾತ್ರ, ಆಯ್ಕೆದಾರರ ಕೂಟವನ್ನಲ್ಲ.

ಬಳ್ಳಾರಿ ಸೀಮೆ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ ಮದರಾಸು ಆಧಿಪತ್ಯಕ್ಕೆ ಸೇರಿತು. ಅಲ್ಲಿಂದ ಈ ಪ್ರದೇಶದ ಶಿಲ್ಪಗಳಿಗೆ ಹೊಸದೊಂದು ಜೀವನ ಆರಂಭವಾಯಿತು. ಅದು ಪುಸ್ತಕದ ಪುಟದಲ್ಲಿನ ಜೀವನ. ಕೆಲ್ಸಾಲ್ ಅವರ ಜಿಲ್ಲಾ ಕೈಪಿಡಿ 1872ರಲ್ಲಿಯೂ ರಾಬರ್ಟ್ ಸೂವೆಲ್ ಅವರ ಪ್ರಾಚ್ಯಾವಶೇಷಗಳ ಪಟ್ಟಿ 1882ರಲ್ಲಿಯೂ ಹೊರಬಂದವು. 1896ರಲ್ಲಿ ಅಲೆಗ್ಸಾಂಡರ್ ರೀ ಅವರು ಬಳ್ಳಾರಿ ಜಿಲ್ಲೆಯ ನಿದರ್ಶನಗಳನ್ನು ಆಧರಿಸಿ ಚಾಲುಕ್ಯ ವಾಸ್ತುವನ್ನು ಕುರಿತ ಸಚಿತ್ರ ಗ್ರಂಥವನ್ನು ಪ್ರಕಟಿಸಿದರು. ಬಾಗಳಿ, ಕುರುವತ್ತಿ, ಹಡಗಲಿ ಮೊದಲಾದೆಡೆಯ ನಕ್ಷೆಗಳೂ ಶಿಲ್ಪಗಳ ಫಲಕಗಳೂ ಅದರಲ್ಲಿವೆ. ಕುರುವತ್ತಿ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರು ಬೇಲೂರಿನ ಮದನಿಕೆಯರಿಗಿಂತ ಹಿಂದಿನವರು. ಈ ಸಂಗತಿ ಇಂದು ಕಲಾ ಇತಿಹಾಸದ ಸಾಮಾನ್ಯ ತಿಳಿವಳಿಕೆಯಾಗಿದ್ದರೆ ಅದಕ್ಕೆ ಇಂಥ ಫಲಕಗಳ ಪ್ರಸಾರವೂ ಒಂದು ಕಾರಣ.

ಅದೇ 1896ರ ಡಿಸೆಂಬರಿನಲ್ಲಿ ಮದರಾಸಿನ ಎಗ್ಮೋರಿನಲ್ಲಿ ಕಾನ್ನೆಮರಾ ಸಾರ್ವಜನಿಕ ಗ್ರಂಥಾಲಯ ತೆರೆಯಿತು. ಅದು ಸರ್ಕಾರಿ ವಸ್ತುಸಂಗ್ರಹಾಲಯದ ಆವರಣದಲ್ಲಿಯೇ ಇದೆ. ಅಮರಾವತಿಯ ಶಿಲ್ಪಫಲಕಗಳಿರುವ ಸಂಗ್ರಹಾಲಯ ಒಂದು ಪಕ್ಕ, ಗ್ರಂಥಾಲಯ ಇನ್ನೊಂದು ಪಕ್ಕ. ಪುಸ್ತಕವನ್ನೂ ಶಿಲ್ಪವನ್ನೂ ಒಂದೇ ಆವರಣದಲ್ಲಿ ಸಾರ್ವಜನಿಕರಿಗೆ ತೆರೆದಿಡಬೇಕೆಂಬ ಕಲ್ಪನೆ ಆಗಿನ ಸರ್ಕಾರಕ್ಕೆ ಅಪರಿಚಿತವಾಗಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಆದರೆ ಆ ಕಲ್ಪನೆ ರಾಜಧಾನಿಗೆ ಸೀಮಿತವಾಯಿತು. ಹಡಗಲಿಯ ಓದುಗನೊಬ್ಬನು ಕುರುವತ್ತಿಯ ಮದನಿಕೆಯ ಮುದ್ರಿತ ಚಿತ್ರವನ್ನು ನೋಡಬೇಕಾದರೆ ಮದರಾಸಿನಂಥ ದೊಡ್ಡ ಊರಿಗೇ ಹೋಗಬೇಕಿತ್ತು. ಮೂಲಶಿಲ್ಪ ಅವನಿಗೆ ಒಂದು ಬೆಳಗಿನ ದಾರಿಯಾಗಿದ್ದಿತೆಂಬುದು ನಿಜ. ಆದರೆ ಅದರ ಕಾಲ, ಶೈಲಿ, ಬಾಂಧವ್ಯಗಳನ್ನು ತಿಳಿಸುವ ಬರಹ ಅವನ ಕೈಗೆ ಎಟುಕುತ್ತಿರಲಿಲ್ಲ. ಶಾಸನಗಳ ಗತಿಯೂ ಇದೇ. ಅವುಗಳ ಪಠ್ಯ ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಅವರ ಸಂಪಾದಕತ್ವದಲ್ಲಿ ದಕ್ಷಿಣ ಭಾರತೀಯ ಶಾಸನಗಳ ಒಂಬತ್ತನೆಯ ಸಂಪುಟದ ಮೊದಲ ಭಾಗವಾಗಿ 1939ರಲ್ಲಿ ಪ್ರಕಟವಾಯಿತು. ಶಾಸನಶಾಖೆ 1966ರಲ್ಲಿ ಉದಕಮಂಡಲದಿಂದ ಮೈಸೂರಿಗೆ ಬಂದಾಗ ಅದರ ಅಚ್ಚುಗಳ ಸಂಗ್ರಹವೂ ಮೈಸೂರು ಸೇರಿತು. ಊರಿನ ಚಾವಡಿಯಲ್ಲಿ ಉಳಿದದ್ದು ಓದಲಾರದ ಕಲ್ಲು.

ಇದೇ ಅವಧಿಯಲ್ಲಿ ಇನ್ನೊಂದು ಬಗೆಯ ಚಿತ್ರ ಹಳ್ಳಿಗಳ ಒಳಹೊಕ್ಕಿತು. 1894ರಲ್ಲಿ ಆರಂಭವಾದ ರವಿವರ್ಮ ಮುದ್ರಣಾಲಯದ ಬಣ್ಣದ ಪಟಗಳೂ ಅವುಗಳ ಜಾಡಿನಲ್ಲಿ ಬಂದ ಕ್ಯಾಲೆಂಡರುಗಳೂ ಅಗ್ಗದವು, ಹಗುರವಾದವು, ಕಟ್ಟುಹಾಕಿಸಿ ಮೊಳೆಗೆ ತೂಗುಹಾಕಬಹುದಾದವು. ರಾಷ್ಟ್ರೀಯ ಚಳವಳಿಯ ಕಾಲದ ವಾಚನಾಲಯಗಳಿಗೆ ನಾಯಕರ ಭಾವಚಿತ್ರಗಳು ಬಂದುದು ಈ ದಾರಿಯಿಂದಲೇ. ಕೂಡ್ಲಿಗಿಯ ನೆನಪಿನಲ್ಲಿ ಗಾಂಧೀಜಿಗೆ ಇರುವ ಸ್ಥಾನ ವಿಶೇಷವಾದುದು. ಅವರ ಚಿತಾಭಸ್ಮವನ್ನು ಇರಿಸಿ ಕಟ್ಟಿದ ಸ್ಮಾರಕ ಆ ಊರಿನಲ್ಲಿದೆ. ಹರಪನಹಳ್ಳಿಯಲ್ಲಿ 1947ರಲ್ಲಿ ಸಿ.ಕೆ. ವೆಂಕಟರಾಮಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. ಮದರಾಸು ಪ್ರಾಂತದ ಒಂದು ಸಣ್ಣ ಪಟ್ಟಣ ಇಡೀ ಕನ್ನಡ ನಾಡನ್ನು ಕರೆದು ಕೂರಿಸಿದ ಆ ಸಂದರ್ಭವೂ ನಾಯಕರ, ಕವಿಗಳ ಭಾವಚಿತ್ರಗಳಿಗೆ ಸಾರ್ವಜನಿಕ ಗೌರವ ತಂದ ವಾತಾವರಣಕ್ಕೆ ಸೇರಿದ್ದು. ವ್ಯಕ್ತಿಯ ಮುಖವೇ ಸಾರ್ವಜನಿಕ ಚಿತ್ರ ಎಂಬ ಭಾವನೆ ಆಗ ಬೇರೂರಿತು. ಊರಿನ ಶಿಲ್ಪ ‘ಗುಡಿಯದು’ ಎಂದಾಯಿತು. ಗೋಡೆಯ ಪಟ ‘ಗ್ರಂಥಾಲಯದ್ದು’ ಎಂದಾಯಿತು. ಈ ವಿಭಜನೆ ನಮ್ಮಲ್ಲಿ ಇಂದಿಗೂ ಮುಂದುವರಿದಿದೆ ಎಂದು ನನ್ನ ಅಭಿಪ್ರಾಯ.

ಇನ್ನು ಕಾಯಿದೆಯ ವಿಷಯ. ಇದು ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ಏಕೆಂದರೆ ಗ್ರಂಥಾಲಯದ ಕಾನೂನಿನಲ್ಲಿ ಕಲೆಗೆ ಜಾಗವೇ ಇಲ್ಲವೆಂಬ ತಪ್ಪು ಕಲ್ಪನೆ ಪ್ರಚಲಿತವಾಗಿದೆ. ಭಾರತದ ಮೊದಲ ಪೂರ್ಣಪ್ರಮಾಣದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯೆಂದು ಸಾಮಾನ್ಯವಾಗಿ ಪರಿಗಣಿತವಾದ ಮದರಾಸಿನ ಕಾಯಿದೆ 1948ರದು. ಅದರ ಹಿಂದೆ ಎಸ್.ಆರ್. ರಂಗನಾಥನ್ ಅವರ ದೀರ್ಘ ಪ್ರಯತ್ನವಿತ್ತು. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದುದರಿಂದ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳು ಮೈಸೂರು ರಾಜ್ಯವನ್ನು ಸೇರುವ ಮೊದಲೇ ಗ್ರಂಥಾಲಯ ಕಾನೂನಿನ ವ್ಯಾಪ್ತಿಗೆ ಬಂದಿದ್ದವು. ಹಳೆಯ ಮೈಸೂರಿನ ತಾಲ್ಲೂಕುಗಳಿಗೆ ಆ ಭಾಗ್ಯ ದೊರೆತದ್ದು 1965ರ ಕಾಯಿದೆಯ ನಂತರ. ಪುಸ್ತಕ, ನಿಯತಕಾಲಿಕ, ವೃತ್ತಪತ್ರಿಕೆ, ಭೂಪಟಗಳ ಸಾಲಿನಲ್ಲಿಯೇ ಕಲೆ ಮತ್ತು ವಿಜ್ಞಾನದ ಕೃತಿಗಳನ್ನೂ ಮಾದರಿಗಳನ್ನೂ ಗ್ರಂಥಾಲಯದಲ್ಲಿ ಸಂಗ್ರಹಿಸಿಡುವ ಅಧಿಕಾರವನ್ನು ಮದರಾಸು ಕಾಯಿದೆ ಸ್ಥಳೀಯ ಗ್ರಂಥಾಲಯ ಪ್ರಾಧಿಕಾರಕ್ಕೆ ಕೊಟ್ಟಿತು. ಮಾಯಾದೀಪದ ಚಿತ್ರಫಲಕಗಳೂ ಚಲನಚಿತ್ರದ ಸುರುಳಿಗಳೂ ಆ ಪಟ್ಟಿಯಲ್ಲಿವೆ. ಇದು ಮದರಾಸಿನ ಸ್ವಂತ ಕಲ್ಪನೆಯೇನಲ್ಲ. ಇಂಗ್ಲೆಂಡಿನ 1855ರ ಗ್ರಂಥಾಲಯ ಕಾಯಿದೆಯಲ್ಲಿಯೇ ಕಲೆ ಮತ್ತು ವಿಜ್ಞಾನದ ಮಾದರಿಗಳ ಮಾತು ಬರುತ್ತದೆ. ಆ ದೇಶದಲ್ಲಿ ಗ್ರಂಥಾಲಯದ ಮಹಡಿಯ ಮೇಲೆ ಚಿತ್ರಶಾಲೆ ಕಟ್ಟುವ ರೂಢಿ ಬೆಳೆದುದು ಇದರ ಬಲದಿಂದ. ನಮ್ಮಲ್ಲಿ ಮಾತು ಬಂತು, ಮಹಡಿ ಬರಲಿಲ್ಲ.

ಏಕೆ ಬರಲಿಲ್ಲವೆಂದರೆ, ಹಣದ ಕೊರತೆ ಮೊದಲ ಉತ್ತರ. ಆಸ್ತಿ ತೆರಿಗೆಯೊಡನೆ ವಸೂಲಾಗುವ ಗ್ರಂಥಾಲಯ ಉಪಕರವೇ ಈ ವ್ಯವಸ್ಥೆಯ ಜೀವಾಳ. ಕರ್ನಾಟಕದಲ್ಲಿ ಅದು ಶೇ. 6. ಮಳೆ ಕಡಿಮೆಯಾದ, ದೊಡ್ಡ ಪಟ್ಟಣಗಳಿಲ್ಲದ ತಾಲ್ಲೂಕುಗಳಲ್ಲಿ ಇದರ ಉತ್ಪತ್ತಿ ಎಷ್ಟಾದೀತೆಂಬುದನ್ನು ಊಹಿಸಬಹುದು. ಆದರೆ ಹಣಕ್ಕಿಂತ ಮುಖ್ಯವಾದ ಕಾರಣ ವಿಧಾನದ ಕೊರತೆ. ಪುಸ್ತಕದ ಆಯ್ಕೆಗೆ ಸಮಿತಿಯಿದೆ, ಸಗಟು ಖರೀದಿಗೆ ನಿಯಮವಿದೆ, ಆ ನಿಯಮದ ಬಗ್ಗೆ ಲೇಖಕರ ಪ್ರಕಾಶಕರ ವಾದವಿವಾದಗಳೂ ಇವೆ. ಪುಸ್ತಕ ಬಂದೊಡನೆ ಅದಕ್ಕೆ ದಾಖಲಾತಿ ಸಂಖ್ಯೆ ಬೀಳುತ್ತದೆ, ಮುದ್ರೆ ಬೀಳುತ್ತದೆ. ಕಳೆದುಹೋದರೆ ಲೆಕ್ಕ ಕೇಳುವವರಿದ್ದಾರೆ. ಗೋಡೆಯ ಚಿತ್ರಕ್ಕೆ ಇದಾವುದೂ ಇಲ್ಲ. ದಾನಿಯೊಬ್ಬರು ತಂದುಕೊಟ್ಟರೆ ಏರುತ್ತದೆ, ಸುಣ್ಣ ಬಳಿಯುವಾಗ ಇಳಿಯುತ್ತದೆ, ಮತ್ತೆ ಏರಿದರೆ ಏರಿತು. ಕಾನೂನು ಪುಸ್ತಕಕ್ಕೂ ಕಲಾಕೃತಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ್ದರೂ ಆಚರಣೆಯಲ್ಲಿ ಬಡಿಸಿದ್ದು ಒಂದಕ್ಕೆ ಮಾತ್ರ.

ಬೆಂಗಳೂರಿನ ಶೇಷಾದ್ರಿ ಸ್ಮಾರಕ ಗ್ರಂಥಾಲಯದೊಡನೆ ಇದನ್ನು ಹೋಲಿಸಬಹುದು. ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಪ್ರತಿಮೆಯನ್ನು 1913ರಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅನಾವರಣ ಮಾಡಿದರು; ಅವರ ಹೆಸರಿನ ಭವನ 1915ರ ಹೊತ್ತಿಗೆ ಸಾರ್ವಜನಿಕ ಗ್ರಂಥಾಲಯವಾಗಿ ಸಿದ್ಧವಾಯಿತು. ಅಲ್ಲಿ ಪ್ರತಿಮೆ ಮೊದಲು, ಪುಸ್ತಕ ಅನಂತರ. ಅದರ ಪ್ರತಿಷ್ಠಾಪನೆಗೆ ದಿನಾಂಕವಿದೆ, ಹೆಸರುಗಳಿವೆ. ಬಾಗಳಿಯ ಕಲಿದೇವನ ಆಲಯಕ್ಕೂ ಅವೆರಡೂ ಇವೆ. ಇವೆರಡರ ನಡುವೆ ಹುಟ್ಟಿ ಬೆಳೆದ ನೂರಾರು ಗ್ರಾಮೀಣ ವಾಚನಾಲಯಗಳ ಗೋಡೆಗಳಿಗೆ ಮಾತ್ರ ಅಂಥ ದಾಖಲೆಯನ್ನು ಯಾರೂ ಏರ್ಪಡಿಸಲಿಲ್ಲ.

ಇತ್ತೀಚಿನ ಕಾಲದಲ್ಲಿ ಪರಿಸ್ಥಿತಿ ಬದಲಾಗಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಮುಂದೆ ಇವು ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದವು. ಮಕ್ಕಳು ಬರತೊಡಗಿದಂತೆ ಗೋಡೆಗಳಿಗೆ ಬಣ್ಣ ಬಂತು. ರಾಜ್ಯದ ಹಲವು ಗ್ರಂಥಾಲಯಗಳ ಭಿತ್ತಿಗಳ ಮೇಲೆ ಈಗ ವಾರ್ಲಿ ಶೈಲಿಯ ನರ್ತಕರೂ ಕಾರ್ಟೂನಿನ ಪ್ರಾಣಿಗಳೂ ಸಾಹಿತಿಗಳ ಮುಖಗಳೂ ಕಾಣಿಸುತ್ತವೆ. ಬಣ್ಣ ಬಂದುದು ಸಂತೋಷದ ಸಂಗತಿಯೇ. ವಾರ್ಲಿ ಮಹಾರಾಷ್ಟ್ರದ ಪಾಲ್ಘರ್ ಸೀಮೆಯ ಆದಿವಾಸಿಗಳ ಸೊಗಸಾದ ಕಲೆ. ಅದರ ಬಗ್ಗೆ ತಕರಾರಿಲ್ಲ. ಆದರೆ ಕುಮತಿಯ ಶಿಲೆಗಳಿರುವ ತಾಲ್ಲೂಕಿನ ಮಗುವಿಗೆ ಆದಿಮ ಮಾನವಾಕೃತಿಯೆಂದರೆ ವಾರ್ಲಿಯ ತ್ರಿಕೋನವೆಂದು ಪರಿಚಯವಾದರೆ, ಅದು ಯಾರೋ ಕುಳಿತು ಯೋಚಿಸಿ ಮಾಡಿದ ಆಯ್ಕೆಯಲ್ಲವೆಂದೇ ಹೇಳಬೇಕಾಗುತ್ತದೆ. ಬಣ್ಣದವನ ಬಳಿ ಯಾವ ಮಾದರಿ ಇತ್ತೋ ಅದು ಗೋಡೆ ಸೇರಿದೆ.

ಜಿಲ್ಲೆಯ ಹೆಸರು ತಂದೊಡ್ಡಿರುವ ತೊಡಕು ಇನ್ನೊಂದು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆಯೊಡನೆ ಸೇರಿದುದು ಈ ಐದು ತಾಲ್ಲೂಕುಗಳೇ. ಜಿಲ್ಲೆಯ ಲಾಂಛನಚಿತ್ರವಾಗಿ ಹಂಪಿಯ ಕಲ್ಲಿನ ರಥ ಸಹಜವಾಗಿಯೇ ಎಲ್ಲೆಡೆ ಕಾಣಿಸಿಕೊಳ್ಳುತ್ತಿದೆ. 2017ರಿಂದ ಅದು ಐವತ್ತು ರೂಪಾಯಿ ನೋಟಿನ ಮೇಲೂ ಇದೆ. ಓದುಗನ ಕಿಸೆಯಲ್ಲಿಯೇ ಇರುವ ಚಿತ್ರವನ್ನು ಗ್ರಂಥಾಲಯದ ಗೋಡೆಗೂ ಏರಿಸುವುದರಿಂದ ಅವನಿಗೆ ಹೊಸದಾಗಿ ತಿಳಿಯುವುದು ಕಡಿಮೆ. ಈ ಐದು ತಾಲ್ಲೂಕುಗಳ ಮುಖ್ಯ ಶಿಲ್ಪಸಂಪತ್ತು ವಿಜಯನಗರಕ್ಕಿಂತ ಎರಡು ಮೂರು ಶತಮಾನ ಹಿಂದಿನದು. ಹೊಳಲಿನ ಅನಂತಶಯನ, ಕೋಗಳಿಯ ಜಿನಬಸದಿ, ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಒಳಮಾಳಿಗೆಯ ಕೆತ್ತನೆ ಇವು ಹಂಪಿಯ ನೆರಳಿನಲ್ಲಿ ಮರೆಯಾಗಬಾರದು. ಹಂಪಿಯನ್ನು ಹೊರಗಿನಿಂದ ನೋಡು, ಉಜ್ಜಿನಿಯನ್ನು ಒಳಗಿನಿಂದ ನೋಡು ಎಂಬ ಈ ಭಾಗದ ನಾಣ್ಣುಡಿ ಎರಡಕ್ಕೂ ಅದರದರ ಸ್ಥಾನವನ್ನು ನ್ಯಾಯವಾಗಿಯೇ ಹಂಚಿದೆ.

ಹಾಗಾದರೆ ಊರಿನ ಶಿಲ್ಪಗಳನ್ನು ಗ್ರಂಥಾಲಯಕ್ಕೆ ತಂದಿರಿಸುವುದೇ? ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ಅನಾಥವಾಗಿ ಬಿದ್ದ ವೀರಗಲ್ಲುಗಳನ್ನು ಕಂಡ ಉತ್ಸಾಹಿಗಳಿಗೆ ಹಾಗೆ ತೋರುವುದು ಸಹಜ. ಇದನ್ನು ನಾನು ಒಪ್ಪಲಾರೆ. ಮೂಲಸ್ಥಾನದಿಂದ ಕದಲಿದ ವೀರಗಲ್ಲು ಅರ್ಧ ಮೂಕವಾಗುತ್ತದೆ; ಯಾವ ಗಡಿಯಲ್ಲಿ, ಯಾವ ಕೆರೆಯ ಬಳಿ ಹೋರಾಟ ನಡೆಯಿತೆಂಬುದಕ್ಕೆ ಅದು ನಿಂತ ನೆಲವೇ ಸಾಕ್ಷಿ. ಕಾನೂನೂ ಇದಕ್ಕೆ ಅಡ್ಡ ಬರುತ್ತದೆ. ನೂರು ವರ್ಷ ಮೀರಿದ ಶಿಲ್ಪ 1972ರ ಕೇಂದ್ರ ಕಾಯಿದೆಯಂತೆ ಪ್ರಾಚ್ಯವಸ್ತು. ನೆಲದಲ್ಲಿ ಹೂತು ಸಿಕ್ಕ ನಿಧಿಗೆ 1962ರ ಕರ್ನಾಟಕ ನಿಧಿ ಕಾಯಿದೆ, ಸಂರಕ್ಷಿತ ಸ್ಮಾರಕಗಳಿಗೆ 1961ರ ರಾಜ್ಯ ಕಾಯಿದೆ ಅನ್ವಯಿಸುತ್ತವೆ. ಹಂಪಿಯ ಬಿಡಿಶಿಲ್ಪಗಳನ್ನು ಮೊದಲು ಆನೆಸಾಲಿನಲ್ಲಿ, 1972ರಿಂದ ಕಮಲಾಪುರದ ಸಂಗ್ರಹಾಲಯದಲ್ಲಿ ಇರಿಸಿದ್ದು ಪುರಾತತ್ವ ಇಲಾಖೆ. ಅದು ಬಲ್ಲವರ ಕೆಲಸ. ಗ್ರಂಥಪಾಲಕರ ಮೇಲೆ ಆ ಹೊರೆ ಹೊರಿಸಬಾರದು.

ಪೂಜೆಯ ಪ್ರಶ್ನೆ ಬೇರೆ ಇದೆ. ನಮ್ಮ ಹಳ್ಳಿಗಳಲ್ಲಿ ಮೂರ್ತಿಯೊಂದನ್ನು ನಿಲ್ಲಿಸಿದ ವಾರದೊಳಗೆ ಅದಕ್ಕೆ ಕುಂಕುಮ, ಎಣ್ಣೆ, ಕರ್ಪೂರ ಬರುತ್ತವೆ. ವರ್ಷದೊಳಗೆ ಎನಾಮಲ್ ಬಣ್ಣವೂ ಬಂದೀತು. ಉಜ್ಜಿನಿಯಲ್ಲಿ ಪ್ರತಿವರ್ಷ ದೇವಾಲಯದ ಶಿಖರಕ್ಕೇ ತೈಲಾಭಿಷೇಕ ನಡೆಯುತ್ತದೆ. ಅದರ ಎಣ್ಣೆ ಜರಿಮಲೆಯ ಪಾಳೆಯಗಾರರ ಮನೆತನದಿಂದ ಬರುವ ಪದ್ಧತಿಯಿದೆ. ಅಲ್ಲಿ ಅದು ಅರ್ಥಪೂರ್ಣ. ಆ ಶಿಲ್ಪ ಭಕ್ತರ ಬದುಕಿಗೆ ಸೇರಿದ್ದು. ಗ್ರಂಥಾಲಯದ ಅಂಗಳದಲ್ಲಿ ಅದೇ ಶ್ರದ್ಧೆ ಆರಂಭವಾದರೆ ಎಲ್ಲ ಮತದವರೂ ಸಂಕೋಚವಿಲ್ಲದೆ ಬರಬೇಕಾದ ಬಾಗಿಲು ಕೆಲವರಿಗೆ ಕಿರಿದಾಗುತ್ತದೆ. ಛಾಯಾಚಿತ್ರಕ್ಕೂ ಶಾಸನದ ಅಚ್ಚಿಗೂ ಈ ಅಪಾಯ ಕಡಿಮೆ. ಕಾಗದದ ಮೇಲೆ ಮಸಿಯಿಂದ ತೆಗೆದ ಶಾಸನದ ಅಚ್ಚು ನೋಡುವುದಕ್ಕೂ ಚೆಲುವಾದದ್ದು. ಅದರ ಪಕ್ಕದಲ್ಲಿ ಇಂದಿನ ಕನ್ನಡ ಲಿಪಿಯ ಪಾಠವನ್ನಿರಿಸಿದರೆ ಹತ್ತನೆಯ ತರಗತಿಯ ವಿದ್ಯಾರ್ಥಿ ತನ್ನ ಊರಿನ ಹಳೆಯ ಹೆಸರನ್ನು ತಾನೇ ಹುಡುಕಿ ಓದಬಲ್ಲನು. ಇದಕ್ಕೆ ಬೇಕಾದ ಪಾಠವೆಲ್ಲ ಅಚ್ಚಾಗಿಯೇ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಮಾಲೆ ಬಳ್ಳಾರಿ ಜಿಲ್ಲೆಯಿಂದಲೇ ಆರಂಭವಾಯಿತು.

ಆಯ್ಕೆಯಲ್ಲಿ ಮುಜುಗರದ ಪ್ರಶ್ನೆಗಳೂ ಬರುತ್ತವೆ. ಬಾಗಳಿಯ ಮಿಥುನ ಶಿಲ್ಪಗಳನ್ನು ಮಕ್ಕಳ ಕೋಣೆಯಲ್ಲಿ ತೂಗುಹಾಕಬೇಕೆಂದು ಯಾರೂ ಹೇಳಲಾರರು. ಹಾಗೆಂದು ಅವುಗಳಿಲ್ಲವೆಂಬಂತೆ ನಡೆದುಕೊಳ್ಳುವುದೂ ಸರಿಯಲ್ಲ; ವಯಸ್ಕರ ವಿಭಾಗದ ಗ್ರಂಥದಲ್ಲಿ ಅವಕ್ಕೆ ಎಡೆಯಿದೆ. ಮಹಾಸತಿಕಲ್ಲಿನ ಸಮಸ್ಯೆ ಇದಕ್ಕಿಂತ ಗಂಭೀರ. ಬಳೆತೊಟ್ಟ ತೋಳಿನ ಆ ಶಿಲ್ಪ ಈ ನಾಡಿನ ಚರಿತ್ರೆಗೆ ಅಗತ್ಯವಾದ ಆಧಾರ. ವಿವರಣೆಯಿಲ್ಲದೆ ಅದನ್ನು ಅಲಂಕಾರವಾಗಿ ತೂಗುಹಾಕಿದರೆ ವೈಭವೀಕರಣದಂತೆ ಕಂಡೀತು; ಸತಿಯ ವೈಭವೀಕರಣವನ್ನು 1987ರ ಕಾಯಿದೆ ಅಪರಾಧವೆಂದು ಸಾರಿದೆ. ಇಂಥ ಕಡೆ ಚಿತ್ರಕ್ಕಿಂತ ಅದರ ಕೆಳಗಿನ ನಾಲ್ಕು ಸಾಲು ಮುಖ್ಯವಾಗುತ್ತವೆ. ಅವನ್ನು ಬರೆಯುವವರು ಯಾರೆಂಬುದು ಸಮಿತಿ ಮೊದಲು ಕೇಳಬೇಕಾದ ಪ್ರಶ್ನೆ.

ಕಲ್ಲಿನ ಶಿಲ್ಪವಷ್ಟೇ ಕಲೆಯೆಂದು ಭಾವಿಸಿದರೆ ಈ ಪ್ರದೇಶದ ಅರ್ಧ ಜನ ಚಿತ್ರದಿಂದ ಹೊರಗುಳಿಯುತ್ತಾರೆ. ಈ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳು ಬಹಳ. ನೆರೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಅದೇ ಸೂಜಿಯ ಕೆಲಸ ಬಲ್ಲ ತಾಂಡಾದ ಹಿರಿಯ ಹೆಂಗಸರು ಗ್ರಂಥಾಲಯದ ಆಯ್ಕೆ ಸಮಿತಿಯಲ್ಲಿ ಕುಳಿತುಕೊಳ್ಳಲು ಯಾವ ಪದವೀಧರರಿಗಿಂತಲೂ ಕಡಿಮೆ ಅರ್ಹರಲ್ಲ. ತೊಗಲುಗೊಂಬೆಯ ಪರಂಪರೆ ಬಳ್ಳಾರಿ ಸೀಮೆಯದು. ಎಂ.ಎಸ್. ನಂಜುಂಡರಾವ್ ಅವರು ಕರ್ನಾಟಕ ಚಿತ್ರಕಲಾ ಪರಿಷತ್ತಿನ ಮೂಲಕ ಅದನ್ನು ಸಂಗ್ರಹಿಸಿ ದಾಖಲಿಸಿದರು. 2023ರಲ್ಲಿ ನಿಧನರಾದ ಬೆಳಗಲ್ಲು ವೀರಣ್ಣನವರು ಅದನ್ನು ಹೊಸ ಪ್ರಸಂಗಗಳೊಡನೆ ಆಡಿಸುತ್ತ ಬಂದರು. ಹಡಗಲಿಯಲ್ಲಿ ಎಂ.ಪಿ. ಪ್ರಕಾಶರು (1940–2011) ಕಟ್ಟಿದ ರಂಗಭಾರತಿ ನಾಟಕವನ್ನು ತಾಲ್ಲೂಕು ಕೇಂದ್ರದ ಸಾರ್ವಜನಿಕ ಜೀವನದ ಅಂಗವಾಗಿಸಿತು. ಕೊಟ್ಟೂರಿನ ಗುರುಬಸವೇಶ್ವರನ ತೇರನ್ನೂ ಇಲ್ಲಿ ನೆನೆಯಬೇಕು. 2017ರ ಫೆಬ್ರವರಿಯ ರಥೋತ್ಸವದಲ್ಲಿ ಅದು ಮುರಿದುಬಿದ್ದು ಹೊಸ ತೇರನ್ನು ಕಟ್ಟಬೇಕಾಯಿತು. ಮರದ ಕಲೆ ಮಳೆಬಿಸಿಲಿಗೆ, ಹುಳುವಿಗೆ, ಭಾರಕ್ಕೆ ತುತ್ತಾಗುವಂಥದು. ಹಳೆಯ ತೇರಿನ ಅಳತೆ, ಕೆತ್ತನೆಯ ಕ್ರಮಗಳ ಛಾಯಾಚಿತ್ರಗಳನ್ನು ಊರಿನ ಗ್ರಂಥಾಲಯ ಇಟ್ಟುಕೊಂಡಿದ್ದರೆ ಹೊಸದನ್ನು ಕಟ್ಟುವ ಆಚಾರಿಗಳಿಗೆ ಅದು ಒದಗುವ ಆಧಾರ.

ಬಟ್ಟೆ ಮತ್ತು ತೊಗಲಿನ ಕೃತಿಗಳ ಪ್ರದರ್ಶನದಲ್ಲಿ ಎಚ್ಚರ ಬೇಕು. ಇವುಗಳಿಗೆ ಬೆಳಕು 50 ಲಕ್ಸ್ ಮೀರಬಾರದೆಂಬುದು ಸಂಗ್ರಹಾಲಯಗಳು ಒಪ್ಪಿಕೊಂಡಿರುವ ಮಿತಿ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಕಿಟಕಿಯ ಪಕ್ಕದ ಗೋಡೆ ಅದರ ಎಷ್ಟೋ ಪಾಲು ಬೆಳಕನ್ನು ಉಣ್ಣುತ್ತದೆ. ಮೂಲಕೃತಿಯನ್ನು ಕೆಲವು ವಾರ ಮಾತ್ರ ತೋರಿಸಿ ಒಳಗಿರಿಸುವುದು, ಉಳಿದ ಕಾಲ ಅದರ ಛಾಯಾಚಿತ್ರವನ್ನು ತೂಗುಹಾಕುವುದು ಅನುಕೂಲ. ಗೋಡೆಯೂ ಹೀಗೆ ಬದಲಾಗುತ್ತ ಹೋದರೆ ಒಂದೇ ಚಿತ್ರಕ್ಕಾಗಿ ಜಗಳ ಹುಟ್ಟುವುದು ಕಡಿಮೆಯಾಗುತ್ತದೆ.

ಭಾವಚಿತ್ರಗಳ ಬಗ್ಗೆ ಒಂದು ಮಾತು. ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿ ಅವರ ಭಾವಚಿತ್ರವನ್ನು ಸರ್ಕಾರಿ ಕಚೇರಿಗಳಲ್ಲಿ ಇರಿಸಲು ಸೂಚಿಸಿತು. ಈ ಆಯ್ಕೆಗೆ ಆದೇಶವಿದೆ, ದಿನಾಂಕವಿದೆ. ಮುಂದಿನ ಸಂಶೋಧಕ ಅದನ್ನು ಹುಡುಕಬಲ್ಲ. ಬಸವಣ್ಣನವರ ಸಮಕಾಲೀನ ಚಿತ್ರ ಯಾವುದೂ ಇಲ್ಲದಿರುವುದರಿಂದ ಇಂದು ಕಾಣುವ ಭಾವಚಿತ್ರಗಳೆಲ್ಲ ಕಲಾವಿದರ ಕಲ್ಪನೆ. ಆ ಕಲಾವಿದರ ಹೆಸರು ಚಿತ್ರದಡಿ ಇರುವುದು ವಿರಳ. ಕವಿಯ ಹೆಸರಿಲ್ಲದೆ ಕವನಸಂಕಲನವನ್ನು ದಾಖಲಿಸಿಕೊಳ್ಳದ ಗ್ರಂಥಾಲಯ ಚಿತ್ರಕಾರನ ಹೆಸರಿಲ್ಲದೆ ಚಿತ್ರವನ್ನು ತೂಗುಹಾಕುವುದು ವಿಚಿತ್ರವೇ.

ಆದ್ದರಿಂದ ಸೂಚಿಸಬಹುದಾದುದು ತೀರ ಸರಳವಾದ ಒಂದು ವಹಿ. ಪುಸ್ತಕಗಳ ದಾಖಲಾತಿ ವಹಿಯ ಪಕ್ಕದಲ್ಲಿ ಕಲಾಕೃತಿಗಳದೊಂದು ವಹಿ: ಕೃತಿ ಯಾವುದು, ಮಾಡಿದವರು ಯಾರು, ಕೊಟ್ಟವರು ಯಾರು, ಆರಿಸಿದ ಸಭೆಯಲ್ಲಿ ಯಾರಿದ್ದರು, ಯಾವಾಗ ಏರಿತು, ಏಕೆ ಇಳಿಯಿತು. ಕೊಡುಗೆಯನ್ನು ನಿರಾಕರಿಸಿದಾಗ ಅದರ ಕಾರಣವನ್ನೂ ಬರೆದಿಡುವುದು ಒಳಿತು. ನಿರಾಕರಣೆ ಬಾಯಿಮಾತಿನಲ್ಲಿ ಉಳಿದಷ್ಟೂ ಊರಿನಲ್ಲಿ ವೈಮನಸ್ಯ ಬೆಳೆಯುತ್ತದೆ.

ಈ ವಹಿಯಲ್ಲಿ ಸ್ಥಳನಿರ್ದೇಶವನ್ನು ಬರೆಯುವಾಗ ವಿಶೇಷ ಜಾಗ್ರತೆ ಬೇಕು. ರೀ ಅವರ ಗ್ರಂಥದಲ್ಲಿ ಬಾಗಳಿ ಬಳ್ಳಾರಿ ಜಿಲ್ಲೆಯದು. 1997ರಲ್ಲಿ ಹರಪನಹಳ್ಳಿ ತಾಲ್ಲೂಕು ದಾವಣಗೆರೆಗೆ ಸೇರಿದುದರಿಂದ ಆ ಮೇಲಿನ ಹಲವು ಪ್ರಕಟಣೆಗಳಲ್ಲಿ ಅದು ದಾವಣಗೆರೆ ಜಿಲ್ಲೆಯದು. ಮತ್ತೆ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯದು. ಉಜ್ಜಿನಿಯನ್ನು ಹಳೆಯ ಸೂಚಿಗಳಲ್ಲಿ ಕೂಡ್ಲಿಗಿ ತಾಲ್ಲೂಕಿನಡಿ ಹುಡುಕಬೇಕು, ಈಗಿನವುಗಳಲ್ಲಿ ಕೊಟ್ಟೂರಿನಡಿ. ಹಗರಿಬೊಮ್ಮನಹಳ್ಳಿ ತಾಲ್ಲೂಕು ರಚನೆಯಾಗುವ ಮೊದಲಿನ ಬರಹಗಳಲ್ಲಿ ಕೋಗಳಿ ಬೇರೆ ತಾಲ್ಲೂಕಿನಲ್ಲಿದೆ. ಶಾಸನಗಳಲ್ಲಾದರೋ ಅದೇ ಕೋಗಳಿ-500 ಎಂಬ ನಾಡಿನ ಮುಖ್ಯಸ್ಥಳ. ಊರಿನ ಹೆಸರಿನ ಎದುರು ಶಾಸನೋಕ್ತ ಹೆಸರು, ಮದರಾಸಿನ ಕಾಲದ ತಾಲ್ಲೂಕು, ಈಗಿನ ತಾಲ್ಲೂಕು ಈ ಮೂರನ್ನೂ ನಮೂದಿಸಿದರೆ, ಗೋಡೆಯ ಚಿತ್ರವನ್ನು ನೋಡಿ ಕುತೂಹಲಗೊಂಡ ಓದುಗನು ಕಪಾಟಿನಲ್ಲಿರುವ ಸಂಪುಟದ ಸರಿಯಾದ ಪುಟವನ್ನು ತಲುಪಬಲ್ಲನು.